ಕರೆಂಟ್ ಹೋಗಿ ಬಿಸಿಯಾದ ಹಣ್ಣಿನ ನೊಣಗಳೇ ಜಾಸ್ತಿ ದಿನ ಬದುಕಿವೆ. ಹೀಗೆ ಆಗೋದುಂಟಾ?

ಕೋಟೆಗುಡ್ಡದ_ಟೀಚರ್ (ಬಳ್ಳಾರಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಅತಿಥಿ ಉಪನ್ಯಾಸಕಿ. ಪಾಠಕ್ಕೆ ದುಡ್ಡು ಕೊಡುತ್ತಾರೆ, ಲ್ಯಾಬ್‌ನಲ್ಲಿ ನಾನಾಗಿ ಮಾಡಿಕೊಳ್ಳುವ ಕೆಲಸಕ್ಕೆ ಇಲ್ಲ. ಆದರೂ ಒಂದು ಮೂಲೆಯಲ್ಲಿ ಹಣ್ಣಿನ ನೊಣ ಸಾಕಿಕೊಂಡಿದ್ದೇನೆ. ಡ್ರೊಸೊಫಿಲಾ ಮೆಲನೊಗ್ಯಾಸ್ಟರ್, ಒರೆಗಾನ್ ಕೆ ತಳಿ. ಡಿಸೆಂಬರ್‌ನಲ್ಲಿ ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ತಂದದ್ದು. ನಾಲ್ಕು ಬಾಟಲಿ ತೊಡೆ ಮೇಲೆ ಇಟ್ಟುಕೊಂಡು ರಾತ್ರಿಯಿಡೀ ಕೂತಿದ್ದೆ. ಎದುರು ಸೀಟಿನ ಅಜ್ಜಿ "ಏನವ್ವಾ ಅದು, ಉಪ್ಪಿನಕಾಯಿನಾ?" ಅಂತ ಕೇಳಿದರು. ನುಸಿ ಅಂದೆ. ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ.

ವಿಷಯಕ್ಕೆ ಬರುತ್ತೇನೆ. ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳಿಗೆ ಆಯುಷ್ಯದ ಲೆಕ್ಕ ತೋರಿಸೋಣ ಅಂತ 12 ಬಾಟಲಿ ಹಾಕಿದ್ದೆ. ಒಂದೊಂದರಲ್ಲಿ 10 ಗಂಡು, 10 ಹೆಣ್ಣು. ಎಲ್ಲ ಒಂದೇ ದಿನ ಹೊರಬಂದ ನೊಣ. ಆಹಾರ ನಮ್ಮ ಮಾಮೂಲು ರವೆ ಬೆಲ್ಲದ್ದು: ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಬೂಸು ಹಿಡಿಯದಂತೆ ಏಳೂವರೆ ಎಂ.ಎಲ್. ಪ್ರೊಪಿಯಾನಿಕ್ ಆಸಿಡ್, ಮೇಲೆ ಒಂದು ಹನಿ ಯೀಸ್ಟ್. ಇದನ್ನು ಕಾಯಿಸುವ ದಿನ ಕಾರಿಡಾರ್‌ನಲ್ಲಿ ಹೋಗುವವರೆಲ್ಲ "ಮಿಸ್, ಶಿರಾ ಮಾಡೀರೇನು?" ಅಂತ ಇಣುಕುತ್ತಾರೆ. ಬಾಟಲಿಗಳು 25 ಡಿಗ್ರಿಯ ಬಿಒಡಿ ಇನ್‌ಕ್ಯುಬೇಟರ್‌ನಲ್ಲಿ, ಅಂದರೆ ಒಳಗಿನ ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಪೆಟ್ಟಿಗೆಯಲ್ಲಿ. ನಾಲ್ಕು ದಿನಕ್ಕೊಮ್ಮೆ ಹೊಸ ಆಹಾರಕ್ಕೆ ವರ್ಗ.

ನೊಣಗಳಿಗೆ ಆರು ದಿನ ತುಂಬಿದಾಗ ಕರೆಂಟ್ ಕೈಕೊಟ್ಟಿತು. ಮೂರು ದಿನ ಸತತವಾಗಿ, ಮಧ್ಯಾಹ್ನ ಒಂದರಿಂದ ನಾಲ್ಕು. ಜನರೇಟರ್ ಇದೆ, ಡೀಸೆಲ್ ಇರಲಿಲ್ಲ. ಹೊರಗೆ 41 ಡಿಗ್ರಿ. ನಮ್ಮ ಲ್ಯಾಬ್ ಗುಡ್ಡದ ಕಡೆ ಮುಖ ಮಾಡಿದೆ. ಬಂಡೆ ಹಗಲು ಕುಡಿದ ಬಿಸಿಲನ್ನೆಲ್ಲ ರಾತ್ರಿ ಹತ್ತರವರೆಗೂ ವಾಪಸ್ ಉಗುಳುತ್ತದೆ. ನನ್ನ ಹತ್ತಿರ ಒಂದು ಥರ್ಮಾಕೋಲ್ ಡಬ್ಬಿ ಇತ್ತು. ನೀರಿನ ಬಾಟಲಿಗಳನ್ನು ಐಸ್ ಮಾಡಿ ಅದರಲ್ಲಿಟ್ಟು, ಕೈಗೆ ಸಿಕ್ಕ ಆರು ನೊಣದ ಬಾಟಲಿ ಅದಕ್ಕೆ ತುಂಬಿದೆ. ಅಲ್ಲಿ 26, 27 ಡಿಗ್ರಿ ಇತ್ತು. ಉಳಿದ ಆರಕ್ಕೆ ಜಾಗ ಸಾಲಲಿಲ್ಲ. ಅವು ಬಿಒಡಿಯಲ್ಲೇ ಉಳಿದವು. ಮೂರೂ ದಿನ ಒಳಗೆ 36ರವರೆಗೆ ಏರಿತ್ತು. 34ರ ಮೇಲೆ ಸುಮಾರು ಎರಡು ಗಂಟೆ.

ಆ ಆರು ಬಾಟಲಿ ಹೋದವು ಅಂದುಕೊಂಡೆ. ಸಾಯಲಿಲ್ಲ. ಮೊದಲ ದಿನ ಸ್ವಲ್ಪ ಮಂಕಾಗಿ ಗೋಡೆ ಹಿಡಿದು ಕೂತವು. ಸಂಜೆಗೆ ಸರಿಹೋದವು. ಆಮೇಲೆ ದಿನಾ ಸತ್ತವನ್ನು ಎಣಿಸುತ್ತಾ ಹೋದೆ. ತಣ್ಣಗಿಟ್ಟ ಆರು ಬಾಟಲಿಗಳಲ್ಲಿ ಅರ್ಧ ನೊಣ ಸತ್ತದ್ದು 43ನೇ ದಿನಕ್ಕೆ. ಬಿಸಿಯಾದ ಆರರಲ್ಲಿ 49ನೇ ದಿನಕ್ಕೆ!

ನಮ್ಮ ಎಚ್‌ಒಡಿ (ವಿಭಾಗದ ಮುಖ್ಯಸ್ಥ) ಸರ್ ಒಪ್ಪಲಿಲ್ಲ. "ನೊಣಕ್ಕೆ ಮೈ ಬಿಸಿ ಹಿಡಿದಿಟ್ಟುಕೊಳ್ಳೋಕೆ ಬರಲ್ಲ. ಹೊರಗೆ ಬಿಸಿಯಾದ್ರೆ ಮೆಟಬಾಲಿಸಂ ಜೋರು. ಅದು ಜೋರಾದ್ರೆ ಆಯುಷ್ಯ ಕಮ್ಮಿ. ನೀನು ಎಣಿಸಿದ್ದೇ ತಪ್ಪು" ಅಂದರು. ಅವರ ಮಾತಿಗೂ ಸಾಕ್ಷಿ ನನ್ನ ಹತ್ತಿರವೇ ಇದೆ. ಇನ್ನೆರಡು ಬಾಟಲಿ ಸುಮ್ನೆ ಮೇಜಿನ ಮೇಲೆ ಬಿಟ್ಟಿದ್ದೆ. ಹಗಲು ರಾತ್ರಿ ಅದೇ ಝಳ. ಅವು ಎರಡೇ ವಾರಕ್ಕೆ ಖಾಲಿ. ಮರಿ ಕೂಡ ಆಗಲಿಲ್ಲ.

ನಮ್ಮ ಹುಡುಗಿಯೊಬ್ಬಳ ವಾದ ಬೇರೆ: "ಮಿಸ್, ಬಳ್ಳಾರಿ ಬಿಸಿಲು ಕಂಡು ಗಟ್ಟಿ ಆಗ್ಯಾವ."

ಯಾರು ಸರಿ?

ಒರೆಗಾನ್_ಕೆ (ಮೈಸೂರು) ಉತ್ತರ:

ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ನನ್ನ ಮೊದಲ ವೋಟು. ಆದರೆ ಎಚ್‌ಒಡಿ ಸರ್ ಕೂಡ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ.

ಸರ್ ಹೇಳಿದ್ದು ಯಾವಾಗಲೂ ಬಿಸಿಯಲ್ಲೇ ಇರುವ ನೊಣದ ಕಥೆ. ಲೋಬ್ ಮತ್ತು ನಾರ್ತ್ರಪ್ ಇದನ್ನು 1917ರಲ್ಲೇ ತೋರಿಸಿದ್ದರು. ಬಿಸಿ ಹೆಚ್ಚಾದಷ್ಟೂ ಹಣ್ಣಿನ ನೊಣದ ಆಯುಷ್ಯ ಕಡಿಮೆ, ತಣ್ಣಗಿಟ್ಟರೆ ಜಾಸ್ತಿ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗೋಕೆ ಸುಮಾರು 10 ದಿನ. 18ರಲ್ಲಿ ಅದರ ಎರಡು ಪಟ್ಟು. ಎಲ್ಲವೂ ಒಂದೇ ಗಡಿಯಾರದಲ್ಲಿ ಓಡಿದ ಹಾಗೆ. ನಿಮ್ಮ ಮೇಜಿನ ಮೇಲಿನ ಬಾಟಲಿಯ ಕಥೆ ಇದೇ. ಅಲ್ಲಿ ಮರಿ ಆಗದ್ದೂ ಸಹಜ. ಸುಮಾರು 30 ಡಿಗ್ರಿಯಲ್ಲಿ ಬೆಳೆದ ಈ ಜಾತಿಯ ಗಂಡು ಬಂಜೆಯಾಗುತ್ತದೆ. ಬಳ್ಳಾರಿ ಏಪ್ರಿಲ್ ಅದಕ್ಕೂ ಮೇಲೆ.

ನಿಮ್ಮ ಬಿಒಡಿಯಲ್ಲಿ ಆದದ್ದು ಬೇರೆ. ಅಲ್ಪ ಬಿಸಿ, ಸ್ವಲ್ಪ ಹೊತ್ತು, ಹರೆಯದಲ್ಲಿ, ಮಧ್ಯೆ ಮಧ್ಯೆ ಬಿಡುವು ಕೊಟ್ಟು. ಇದಕ್ಕೆ ಹಾರ್ಮೆಸಿಸ್ ಅನ್ನುತ್ತಾರೆ. ಜಾಸ್ತಿಯಾದರೆ ಕೊಲ್ಲುವ ವಸ್ತು, ಸ್ವಲ್ಪವೇ ಕೊಟ್ಟರೆ ತಡೆದುಕೊಳ್ಳುವ ಶಕ್ತಿ ಹೆಚ್ಚಿಸುತ್ತದೆ. 2003ರಲ್ಲಿ ಡೆನ್ಮಾರ್ಕ್‌ನ ಹರ್ಕಸ್, ಲೋಶ್ಕೆ, ರತ್ತನ್ ಅವರು ಹರೆಯದ ಡ್ರೊಸೊಫಿಲಾಗೆ ಮತ್ತೆ ಮತ್ತೆ ಅಲ್ಪ ಬಿಸಿ ಕೊಟ್ಟು ಆಯುಷ್ಯ ಹೆಚ್ಚಾದದ್ದನ್ನು ತೋರಿಸಿದರು. ನೀವು ಅದನ್ನೇ ಡೀಸೆಲ್ ಇಲ್ಲದ ಜನರೇಟರ್‌ನಿಂದ ಮಾಡಿದ್ದೀರಿ!

ನಗಬೇಡಿ, ಈ ಇಡೀ ವಿದ್ಯೆ ಶುರುವಾದದ್ದೇ ಇನ್‌ಕ್ಯುಬೇಟರ್ ಎಡವಟ್ಟಿನಿಂದ. ಇಟಲಿಯ ರಿತೊಸ್ಸಾ ಅನ್ನುವವರು ಹಣ್ಣಿನ ನೊಣದ ಮರಿಹುಳದ ಲಾಲಾಗ್ರಂಥಿ ಕ್ರೋಮೊಸೋಮ್ ನೋಡುತ್ತಿದ್ದರು. ಯಾರೋ ಇನ್‌ಕ್ಯುಬೇಟರ್ ಬಿಸಿ ಏರಿಸಿಬಿಟ್ಟಿದ್ದರು. ನೋಡಿದರೆ ಕ್ರೋಮೊಸೋಮ್‌ನಲ್ಲಿ ಹಿಂದೆ ಇಲ್ಲದ ಕಡೆ ಉಬ್ಬು ಎದ್ದಿದೆ. ಅಲ್ಲಿನ ಜೀನ್‌ಗಳು ಎಚ್ಚರಾಗಿವೆ ಅಂತ ಅರ್ಥ. 1962ರಲ್ಲಿ ಅದನ್ನು ಪ್ರಕಟಿಸಿದರು. ಆ ಜೀನ್‌ಗಳಿಂದ ಬರುವ ಪ್ರೋಟೀನ್ ಕಂಡದ್ದು 1974ರಲ್ಲಿ. ಅವೇ ಹೀಟ್ ಶಾಕ್ ಪ್ರೋಟೀನ್‌ಗಳು.

ಅವುಗಳ ಕೆಲಸ ಏನು? ನಿಮ್ಮ ಬಳ್ಳಾರಿಯ ಜೀನ್ಸ್ ಅಂಗಡಿ ನೆನೆಸಿಕೊಳ್ಳಿ. ಗಿರಾಕಿಗಳು ಬಂದು ಎಲ್ಲ ಪ್ಯಾಂಟು ಬಿಚ್ಚಿ ರಾಶಿ ಹಾಕಿ ಹೋದರು. ಒಬ್ಬ ಹುಡುಗ ಕೂತು ಒಂದೊಂದನ್ನೇ ಮತ್ತೆ ಮಡಿಸಿಡುತ್ತಾನೆ. ಹರಿದದ್ದನ್ನು ಪಕ್ಕಕ್ಕೆ ಎಸೆಯುತ್ತಾನೆ. ಬಿಸಿಗೆ ಜೀವಕೋಶದ ಪ್ರೋಟೀನ್‌ಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ. ಎಚ್‌ಎಸ್‌ಪಿ 70 ಅನ್ನುವುದು ಆ ಹುಡುಗ. ಗಿರಾಕಿ ಹೋದ ಮೇಲೂ ಅವನು ಸ್ವಲ್ಪ ಹೊತ್ತು ಅಂಗಡಿಯಲ್ಲೇ ಇರುತ್ತಾನಲ್ಲ, ಆಗ ಹಳೆಯ ಕಸವನ್ನೂ ಒಪ್ಪ ಮಾಡುತ್ತಾನೆ ಅನ್ನುವುದು ಒಂದು ವಿವರಣೆ. 1997ರಲ್ಲಿ ಟಾಟರ್ ಮತ್ತು ಜೊತೆಗಾರರು ಎಚ್‌ಎಸ್‌ಪಿ 70 ಜೀನ್‌ನ ಹೆಚ್ಚುವರಿ ಪ್ರತಿ ಇದ್ದ ನೊಣಗಳಿಗೆ ಬಿಸಿ ತೋರಿಸಿದರು. ಆಮೇಲೆ ಕೆಲವು ದಿನ ಆ ನೊಣಗಳಲ್ಲಿ ಸಾವು ಕಡಿಮೆ ಇತ್ತು.

ಹುಡುಗನಿಗೆ ಸಂಬಳ ಕೊಡಬೇಕು, ಅದನ್ನೂ ಮರೆಯಬಾರದು. ಮಡಿಸುವ ಕೆಲಸಕ್ಕೆ ಎಟಿಪಿ, ಅಂದರೆ ಜೀವಕೋಶದ ಇಂಧನ, ಬೇಕು. ಬಿಸಿ ತಾಗಿದಾಗ ಜೀವಕೋಶ ಬೇರೆ ಪ್ರೋಟೀನ್ ಮಾಡುವುದನ್ನು ಬಹುಪಾಲು ನಿಲ್ಲಿಸಿ ಇದೊಂದನ್ನೇ ಮಾಡುತ್ತದೆ. ಹಾಗಾದರೆ ಯಾವ ಕೆಲಸಕ್ಕೆ ಕತ್ತರಿ ಬಿತ್ತು? ಹೆಣ್ಣು ನೊಣದಲ್ಲಿ ಮೊದಲು ನೋಡಬೇಕಾದ್ದು ಮೊಟ್ಟೆ. ಮೇನಾರ್ಡ್ ಸ್ಮಿತ್ 1958ರಲ್ಲೇ ಇದನ್ನು ಹಿಡಿದಿದ್ದರು. ಅವರ ನೊಣ ಬೇರೆ ಜಾತಿ, ಸಬ್‌ಅಬ್‌ಸ್ಕ್ಯೂರಾ. ಬಿಸಿ ಕಂಡ ಹೆಣ್ಣುಗಳು ಜಾಸ್ತಿ ಬದುಕಿದವು. ಆದರೆ ಮೊಟ್ಟೆ ಕಮ್ಮಿ ಇಟ್ಟವು. ಅಂಡಾಶಯವೇ ಇಲ್ಲದ ಹೆಣ್ಣುಗಳು ಬಿಸಿ ಇಲ್ಲದೆಯೂ ಜಾಸ್ತಿ ಬದುಕಿದವು. ಅವಕ್ಕೆ ಬಿಸಿ ಕೊಟ್ಟರೆ ಮೇಲಿಂದ ಏನೂ ಲಾಭ ಸಿಗಲಿಲ್ಲ.

ಆದ್ದರಿಂದ ನನ್ನ ಪ್ರಶ್ನೆ: ಗಂಡು ಹೆಣ್ಣು ಸಾವನ್ನು ಬೇರೆ ಬೇರೆ ಬರೆದಿದ್ದೀರಾ? ಮೊಟ್ಟೆ ಎಣಿಸಿದ್ದೀರಾ?

ಕೇಸರ್_ತೋಟ (ಕೊಪ್ಪಳ) ಉತ್ತರ:

ಮೇಡಂ, ನಡುವೆ ಬಾಯಿ ಹಾಕುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಮಾವಿನ ತೋಟದವನು. ಕೇಸರ್ ಹಾಕಿದ್ದೇನೆ, ಬದುವಿಗೆ ಪೇರಲ ಇವೆ. ಹಣ್ಣಿನ ನೊಣ ನಮ್ಮ ಜೀವ ತಿನ್ನುತ್ತಿದೆ. ಹೊರಗೆ ಹಣ್ಣು ಚಿನ್ನದ ಹಾಗೆ, ಕೊಯ್ದರೆ ಒಳಗೆ ಹುಳ. ಇಂಥ ಬಿಸಿಲಿಗೂ ಯಾಕೆ ಸಾಯಲ್ಲ ಅಂತ ಯೋಚಿಸುತ್ತಿದ್ದೆ. ಬಿಸಿಲೇ ಅದಕ್ಕೆ ಟಾನಿಕ್ ಆದರೆ ನಾವು ಎಲ್ಲಿಗೆ ಹೋಗೋಣ?

ಕೋಟೆಗುಡ್ಡದ_ಟೀಚರ್ ಉತ್ತರ:

ಅಣ್ಣಾವ್ರೇ, ತಪ್ಪು ತಿಳಿಯುವುದು ಏನಿದೆ. ಹೆಸರು ಒಂದೇ ಆಗಿ ಗೊಂದಲ ಆಗಿದೆ ಅಷ್ಟೇ. ನಿಮ್ಮ ನೊಣ ನನ್ನದಲ್ಲ. ನಿಮ್ಮದು ಬ್ಯಾಕ್ಟ್ರೊಸೆರಾ, ಬೇರೆ ಕುಟುಂಬದ್ದು. ಮನೆ ನೊಣದಷ್ಟು ದೊಡ್ಡದು, ಮೈಮೇಲೆ ಹಳದಿ ಪಟ್ಟೆ, ಸ್ವಲ್ಪ ಕಣಜದ ಹಾಗೆ ಕಾಣುತ್ತದೆ. ಗಟ್ಟಿ ಹಣ್ಣಿಗೇ ಸೂಜಿ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ನನ್ನದು ಎರಡು ಮೂರು ಮಿಲಿಮೀಟರ್‌ನ ಕೆಂಪು ಕಣ್ಣಿನ ನುಸಿ. ಹಣ್ಣಿನ ಗಾಡಿಯಲ್ಲಿ ಕೊಳೆತ ಬಾಳೆಹಣ್ಣಿನ ಸುತ್ತ ಇರುತ್ತದಲ್ಲ, ಅದು. ಹುಳಿ ಬಂದ ಹಣ್ಣಿನ ಯೀಸ್ಟ್ ತಿನ್ನೋಕೆ ಬರುತ್ತದೆ. ನಿಮ್ಮ ಮಾವಿಗೆ ಅದರಿಂದ ನಷ್ಟ ಇಲ್ಲ.

ಮೀಥೈಲ್ ಯೂಜಿನಾಲ್ ಹಾಕಿದ ಮೋಹಕ ಬಲೆ ಕಟ್ಟಿದ್ದೀರಿ ತಾನೇ? ಅದಕ್ಕೆ ನಿಮ್ಮ ನೊಣದ ಗಂಡು ಬೀಳುತ್ತದೆ, ನನ್ನದು ಬೀಳಲ್ಲ. ಬಿದ್ದ ಹಣ್ಣು ತೋಟದಲ್ಲಿ ಬಿಡಬೇಡಿ, ಆಳಕ್ಕೆ ಹೂಳಿ. ಒಳಗಿನ ಹುಳ ಮಣ್ಣಿಗೆ ಇಳಿದು ಕೋಶ ಆಗುತ್ತದೆ.

ಬಿಸಿ ವಿಷಯ ಕೇಳಿದಿರಿ. ವಿದೇಶಕ್ಕೆ ಹೋಗುವ ಮಾವಿಗೆ ಬಿಸಿ ಹಬೆ ಕೊಡುತ್ತಾರೆ, ಗೊತ್ತಿರಬಹುದು. ತಿರುಳಿನೊಳಗೆ ಸುಮಾರು 47, 48 ಡಿಗ್ರಿ ಮುಟ್ಟಿಸಿ ಅಷ್ಟೇ ಮಟ್ಟದಲ್ಲಿ ಹಿಡಿಯುತ್ತಾರೆ. ಮೊಟ್ಟೆ, ಹುಳ ಎರಡೂ ಸಾಯುತ್ತವೆ. ಅಲ್ಲಿ ಅರ್ಧಂಬರ್ಧ ಬಿಸಿ ಮಾಡಿದರೆ ಕೆಲಸ ಕೆಡುತ್ತದೆ. ಮೇಲೆ ಹೇಳಿದರಲ್ಲ, ಸ್ವಲ್ಪ ಬಿಸಿ ಕಂಡ ಕೀಟ ಮುಂದಿನ ಬಿಸಿಗೆ ಗಟ್ಟಿಯಾಗುತ್ತದೆ. ನಿಮಗೆ ಅದೇ ತಲೆನೋವು, ನನಗೆ ಅದೇ ಪಾಠ.

ಒರೆಗಾನ್_ಕೆ ಅವರೇ, ಗಂಡು ಹೆಣ್ಣು ಬೇರೆ ಬರೆದಿದ್ದೇನೆ. ಸತ್ತದ್ದರ ಮುಂಗಾಲು ಲೆನ್ಸ್‌ನಲ್ಲಿ ನೋಡಿ, ಕಪ್ಪು ಬಾಚಣಿಗೆ ಇದ್ದರೆ ಗಂಡು. ಗಂಡಿನಲ್ಲೂ ಹೆಣ್ಣಿನಲ್ಲೂ ಐದಾರು ದಿನದ ವ್ಯತ್ಯಾಸ ಇದೆ. ಮೊಟ್ಟೆ ಎಣಿಸಿಲ್ಲ. ಅರ್ಧ ಮಿಲಿಮೀಟರ್‌ನ ಮೊಟ್ಟೆ, ಬಿಳಿ ರವೆ ಮೇಲೆ ಬಿಳಿ ಕಡ್ಡಿ. ಕಣ್ಣು ಹೋಗುತ್ತದೆ ಅಂತ ಬಿಟ್ಟೆ. ಆದರೆ ಗಂಡು ಮೊಟ್ಟೆ ಇಡಲ್ಲವಲ್ಲ. ಅಂದಮೇಲೆ ಇದು ಬರೀ ಮೊಟ್ಟೆಯ ಲೆಕ್ಕ ಅಲ್ಲ ಅಲ್ವಾ?

ಲೆಕ್ಕದ_ಮೇಷ್ಟ್ರು (ರಾಯಚೂರು) ಉತ್ತರ:

ತಂಗಿ, ನಾನು ಗಣಿತದವನು, ನೊಣ ಕಂಡರೆ ಓಡಿಸುವವನು. ಆದರೂ ನಿನ್ನ ಲೆಕ್ಕದಲ್ಲಿ ಎರಡು ಮೂರು ಕಡೆ ಕಲ್ಲು ಸಿಕ್ಕಿತು.

ಮೊದಲು ನಿಮ್ಮ ಎಚ್‌ಒಡಿಗೆ. ಮೂರು ದಿನ, ದಿನಕ್ಕೆ ಎರಡು ಗಂಟೆ. ಒಟ್ಟು ಆರು ಗಂಟೆ. 45 ದಿನ ಅಂದರೆ 1,080 ಗಂಟೆ. ಹತ್ತು ಡಿಗ್ರಿ ಏರಿದರೆ ಮೆಟಬಾಲಿಸಂ ಹೆಚ್ಚುಕಡಿಮೆ ಎರಡು ಪಟ್ಟು ಅಂತ ಪಾಠದಲ್ಲಿ ಬರುತ್ತದೆ. ಅಂದರೆ ಆ ಆರು ಗಂಟೆಯಲ್ಲಿ ನೊಣ ಹನ್ನೆರಡು ಗಂಟೆಯ ಬಾಳು ಬಾಳಿತು ಅನ್ನೋಣ. ಆರು ಗಂಟೆ ನಷ್ಟ. ಕಾಲು ದಿನ! ಇದರಿಂದ ಆಯುಷ್ಯ ಕಮ್ಮಿ ಆದರೂ ನಿನಗೆ ಕಾಣುವುದೇ ಇಲ್ಲ. ಬಿಸಿಯಲ್ಲಿದ್ದಾಗಿನ ಖರ್ಚು ಇಲ್ಲಿ ಲೆಕ್ಕಕ್ಕೇ ಬರಲ್ಲ. ಪರಿಣಾಮ ಇದ್ದರೆ ಅದು ಆಮೇಲಿನ 1,000 ಗಂಟೆಯಲ್ಲಿ ನೊಣ ಹೇಗೆ ಬದಲಾಗಿ ಬದುಕಿತು ಅನ್ನುವುದರಲ್ಲಿ ಇರಬೇಕು.

ಈಗ ನಿನಗೆ. 240 ನೊಣ ಅಂತ ಖುಷಿ ಪಡಬೇಡ. ಒಂದು ಬಾಟಲಿಯ 20 ನೊಣ ಒಂದೇ ಮನೆಯವರು. ಒಂದೇ ಊಟ, ಒಂದೇ ಗಾಳಿ. ಊಟ ಕೆಟ್ಟರೆ ಇಪ್ಪತ್ತೂ ಒಟ್ಟಿಗೆ ಕೆಡುತ್ತವೆ. ನಿನ್ನ ಲೆಕ್ಕದಲ್ಲಿ ಈ ಕಡೆ ಆರು, ಆ ಕಡೆ ಆರು, ಅಷ್ಟೇ.

ಇನ್ನು ನನಗೆ ಚುಚ್ಚಿದ ಮಾತು: "ಕೈಗೆ ಸಿಕ್ಕ ಆರು ಬಾಟಲಿ." ಕೈಗೆ ಯಾವವು ಸಿಕ್ಕವು? ಮುಂದಿನ ಸಾಲಿನವು ತಾನೇ? ಹಾಗಾದರೆ ಬಿಸಿಯಾದ ಆರೂ ಹಿಂದಿನ ಸಾಲಿನವು. ಕರೆಂಟ್ ಬಂದ ಮೇಲೆ ಎಲ್ಲಿಟ್ಟೆ? ಮತ್ತೆ ಹಾಗೇ, ಮುಂದಿನವು ಮುಂದೆ, ಹಿಂದಿನವು ಹಿಂದೆ? ನಿಮ್ಮ ಬಿಒಡಿಯಲ್ಲಿ ಮುಂದೂ ಹಿಂದೂ ಒಂದೇ ಥರ ಇರುತ್ತದಾ? ನಮ್ಮ ಮನೆ ಫ್ರಿಜ್‌ನಲ್ಲಿ ಹಿಂದೆ ಇಟ್ಟ ಮೊಸರು ಗಡ್ಡೆ ಕಟ್ಟುತ್ತದೆ, ಬಾಗಿಲ ಹತ್ತಿರದ್ದು ಹುಳಿಯಾಗುತ್ತದೆ. ಅದಕ್ಕೇ ಕೇಳಿದೆ.

ಶಿಫ್ಟ್_ಸೀನ (ತೋರಣಗಲ್ಲು) ಉತ್ತರ:

ನಾನು ಕುಲುಮೆ ಹತ್ತಿರ ಕೆಲಸ ಮಾಡೋನು. ಈ ಲೆಕ್ಕದಲ್ಲಿ ನಾನು 150 ವರ್ಷ ಬದುಕಬೇಕಲ್ಲ? ಎಲ್‌ಐಸಿಯವರಿಗೆ ಹೇಳಿಬಿಡಲಾ?

ಒರೆಗಾನ್_ಕೆ ಉತ್ತರ:

ಸೀನಣ್ಣ, ಎಲ್‌ಐಸಿಯವರಿಗೆ ಹೇಳಬೇಡಿ, ನೀರು ಕುಡಿಯಿರಿ. ನೊಣದ ಮೈ ಹೊರಗಿನ ಬಿಸಿಯಷ್ಟೇ ಬಿಸಿ. ನಮ್ಮದು ಎಲ್ಲಿದ್ದರೂ 37ರ ಆಸುಪಾಸು. ಅದನ್ನು ಅಲ್ಲೇ ಹಿಡಿದಿಡೋಕೆ ಬೆವರು ಸುರಿಸಬೇಕು, ಹೃದಯ ಜೋರಾಗಿ ಬಡಿಯಬೇಕು. ಮೈಯೊಳಗೇ 40 ದಾಟಿ ತಲೆ ತಿರುಗಿ ಮಾತು ತೊದಲಿದರೆ ಅದು ಸೀದಾ ಆಸ್ಪತ್ರೆಗೆ ಹೋಗುವ ಕೇಸು. ಬಾಟಲಿ ನೊಣದಿಂದ ಮನುಷ್ಯನಿಗೆ ಲೆಕ್ಕ ಹಾಕೋದು ಬೇಡ.

ಮೇಷ್ಟ್ರೇ, ಕಾಲು ದಿನದ ಲೆಕ್ಕ ಬಹಳ ಚೆನ್ನಾಗಿದೆ. ನಾನು ಇಷ್ಟು ವರ್ಷ ನೊಣ ಸಾಕಿದ್ದೇನೆ, ಹೀಗೆ ಯೋಚಿಸಿರಲಿಲ್ಲ.

ಇನ್ನೊಂದು ಮಾತು ಸೇರಿಸುತ್ತೇನೆ. ಜೋರಾಗಿ ಉರಿಯೋ ದೀಪ ಬೇಗ ಆರುತ್ತದೆ ಅನ್ನುವ ವಾದವನ್ನು ರೇಮಂಡ್ ಪರ್ಲ್ 1928ರಲ್ಲಿ ಗಟ್ಟಿಯಾಗಿ ಮಂಡಿಸಿದರು. ಬಹಳ ಕಾಲ ಎಲ್ಲರೂ ನಂಬಿದರು. ಆಮೇಲೆ ಅದರಲ್ಲಿ ತೂತು ಕಂಡಿತು. ಇನ್ಸುಲಿನ್ ದಾರಿಯಲ್ಲಿ ಕೆಲಸ ಮಾಡುವ ಚಿಕೋ ಅನ್ನುವ ಜೀನ್ ಕೆಟ್ಟ ಹೆಣ್ಣು ನೊಣಗಳು ತುಂಬಾ ದಿನ ಬದುಕುತ್ತವೆ ಅಂತ 2001ರಲ್ಲಿ ಗೊತ್ತಾಯಿತು. ಅವು ಕುಳ್ಳಗಿರುತ್ತವೆ. ಆದರೆ ತೂಕಕ್ಕೆ ತಕ್ಕ ಹಾಗೆ ನೋಡಿದರೆ ಅವುಗಳ ಉಸಿರಾಟ ನಿಧಾನ ಏನಲ್ಲ. ಎಷ್ಟು ಉರಿಯುತ್ತದೆ ಅನ್ನುವುದಕ್ಕಿಂತ ಎಣ್ಣೆ ಯಾವ ಕೆಲಸಕ್ಕೆ ಹೋಗುತ್ತಿದೆ, ರಿಪೇರಿಗೋ ಮೊಟ್ಟೆಗೋ, ಅನ್ನುವುದು ದೊಡ್ಡದು.

ಮೇಡಂ, ಮೆಟಬಾಲಿಸಂ ಅಂತ ಬಾಯಲ್ಲಿ ಜಗಳ ಆಡುವ ಬದಲು ಅಳೆದುಬಿಡಿ. ದುಬಾರಿ ಯಂತ್ರ ಬೇಡ. ಒಂದು ಎಂ.ಎಲ್. ಸಿರಿಂಜು ತೆಗೆದುಕೊಳ್ಳಿ. ತಳದಲ್ಲಿ ಚೂರು ಸೋಡಾ ಲೈಮ್, ಮೇಲೆ ಹತ್ತಿ, ಆಮೇಲೆ ಹತ್ತು ನೊಣ. ತುದಿಗೆ ಗಾಜಿನ ಸಣ್ಣ ಕ್ಯಾಪಿಲರಿ ನಳಿಕೆ ಅಂಟಿಸಿ, ಅದರ ಬಾಯಿಗೆ ಬಣ್ಣದ ನೀರಿನ ಹನಿ. ನೊಣ ಆಮ್ಲಜನಕ ಎಳೆದುಕೊಳ್ಳುತ್ತದೆ. ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸೋಡಾ ಲೈಮ್ ನುಂಗುತ್ತದೆ. ಒಳಗೆ ಗಾಳಿ ಕಮ್ಮಿಯಾಗಿ ಹನಿ ಒಳಕ್ಕೆ ಸರಿಯುತ್ತದೆ. ಅರ್ಧ ಗಂಟೆಗೆ ಎಷ್ಟು ಮಿಲಿಮೀಟರ್ ಅಂತ ಸ್ಕೇಲ್‌ನಲ್ಲಿ ಓದಿ. ಪಕ್ಕದಲ್ಲಿ ನೊಣ ಇಲ್ಲದ ಇನ್ನೊಂದು ಸಿರಿಂಜು ಇಡಲೇಬೇಕು. ಬಳ್ಳಾರಿಯಲ್ಲಿ ಕೈ ಬಿಸಿಗೂ ಹನಿ ಓಡಾಡುತ್ತದೆ. ಬಿಸಿಯಲ್ಲಿ ಇರುವಾಗ ಅಳೆಯಬೇಡಿ, ಆಗ ಏರುವುದು ಎಲ್ಲರಿಗೂ ಗೊತ್ತು. ಮರುದಿನ, 25 ಡಿಗ್ರಿಗೆ ಬಂದ ಮೇಲೆ ಅಳೆಯಿರಿ.

ಇನ್ನೂ ಸಸಾರದ ಪರೀಕ್ಷೆ ಉಪವಾಸ. ಬೆಲ್ಲ ರವೆ ಇಲ್ಲದ, ಬರೀ ಅಗರ್ ನೀರಿನ ಬಾಟಲಿಗೆ ಹತ್ತು ಹತ್ತು ನೊಣ ಬಿಡಿ. ಎಷ್ಟು ಗಂಟೆ ಬದುಕುತ್ತವೆ ನೋಡಿ. ಮೈಯಲ್ಲಿ ಕೊಬ್ಬು, ಗ್ಲೈಕೋಜನ್ ಎಷ್ಟು ಕೂಡಿಟ್ಟಿವೆ ಅನ್ನುವುದರ ಅಂದಾಜು ಸಿಗುತ್ತದೆ.

ಆದರೆ ಇದೆಲ್ಲಕ್ಕೂ ಮೊದಲು ಮೇಷ್ಟ್ರ ಪ್ರಶ್ನೆಗೆ ಉತ್ತರ ಹುಡುಕಿ. ಹಿಂದಿನ ಸಾಲು.

ಕೋಟೆಗುಡ್ಡದ_ಟೀಚರ್ ಉತ್ತರ:

ಮೇಷ್ಟ್ರೇ, ನಿಮ್ಮ ಮೊಸರು ನನ್ನ ಎರಡು ರಾತ್ರಿಯ ನಿದ್ದೆ ತಿಂದಿತು.

ಬಾಟಲಿಗಳ ಮೇಲೆ ನಂಬರ್ ಹಾಕಿದ್ದೆ. ನೋಟ್‌ಬುಕ್ ತೆಗೆದು ನೋಡಿದೆ. ತಣ್ಣಗಿಟ್ಟವು 1ರಿಂದ 6. ಬಿಸಿಯಾದವು 7ರಿಂದ 12. ಹೌದು, ಮುಂದಿನ ಸಾಲು, ಹಿಂದಿನ ಸಾಲು. ನಾನು ಶಿಸ್ತಿನವಳು ಅಂತ ನನಗೆ ಹೆಮ್ಮೆ. ಪ್ರತಿ ಸಲ ಆಹಾರ ಬದಲಿಸಿದ ಮೇಲೂ ನಂಬರ್ ಪ್ರಕಾರ ಅದದೇ ಜಾಗಕ್ಕೆ ಇಟ್ಟಿದ್ದೇನೆ. ಒಂದು ದಿನವೂ ತಪ್ಪಿಲ್ಲ. ಆ ಶಿಸ್ತೇ ಕುತ್ತಿಗೆಗೆ ಬಂತು.

ಸೋಮವಾರ ಭೌತಶಾಸ್ತ್ರ ವಿಭಾಗದಿಂದ ಎರಡು ಥರ್ಮಾಮೀಟರ್ ಸಾಲ ತಂದೆ. ಒಂದನ್ನು ಮುಂದೆ, ಒಂದನ್ನು ಹಿಂದೆ ಇಟ್ಟು, ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಓದಿದೆ. ಮುಂದೆ 25 ಚಿಲ್ಲರೆ. ಹಿಂದೆ, ತಣ್ಣನೆ ಗಾಳಿ ಬರುವ ತೂತಿನ ಮುಂದೆ, ಇಪ್ಪತ್ತನಾಲ್ಕಕ್ಕೂ ಕೆಳಗೆ. ಒಂದೂವರೆ ಡಿಗ್ರಿ ವ್ಯತ್ಯಾಸ. ಮಂಗಳವಾರ ಮತ್ತೆ ನೋಡಿದೆ. ಅಷ್ಟೇ.

ಅಂದರೆ ನನ್ನ "ಬಿಸಿಯಾದ" ನೊಣಗಳು ಆರು ಗಂಟೆ ಬಿಸಿಯಲ್ಲಿದ್ದವು, ಉಳಿದ ಸಾವಿರ ಗಂಟೆ ತಣ್ಣಗೆ ಕೂತಿದ್ದವು! 25ರಿಂದ 18ಕ್ಕೆ ಇಳಿಸಿದರೆ ಆಯುಷ್ಯ ಸುಮಾರು ಎರಡರಷ್ಟಾಗುತ್ತದೆ. ಅದೇ ಲೆಕ್ಕದಲ್ಲಿ ಒಂದೂವರೆ ಡಿಗ್ರಿಗೆ ಐದಾರು ದಿನ ಸಲೀಸಾಗಿ ಬರುತ್ತದೆ. ಗಂಡಿಗೂ ಹೆಣ್ಣಿಗೂ ಒಂದೇ ಥರ ಬಂದದ್ದೂ ಇದಕ್ಕೇ ಇರಬೇಕು. ಬಿಸಿಯಿಂದ ಒಂದಿಷ್ಟು ಲಾಭ ಆಗಿರಬಹುದು, ಆಗದೇ ಇರಬಹುದು. ನನ್ನ ನೋಟ್‌ಬುಕ್‌ನಿಂದ ಎರಡನ್ನೂ ಬಿಡಿಸಲು ಆಗುವುದಿಲ್ಲ.

ಎಚ್‌ಒಡಿ ಸರ್‌ಗೆ ಹೋಗಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ನಾನು ಎಣಿಕೆ ತಪ್ಪು ಅಂದೆ. ಎಣಿಕೆ ಸರಿ ಇದೆ, ಜೋಡಣೆ ತಪ್ಪು" ಅಂದರು. ಆಮೇಲೆ ತಾವೇ ಎದ್ದು ಬಂದು ಬಿಒಡಿ ಹಿಂದೆ ಕೈ ಇಟ್ಟು ನೋಡಿದರು. "ಹದಿನೈದು ವರ್ಷದಿಂದ ಇದೆ ಇದು, ಒಬ್ಬರೂ ನೋಡಿಲ್ಲ ನೋಡು" ಅಂತ ಗೊಣಗಿದರು.

ನನ್ನ ವಿದ್ಯಾರ್ಥಿನಿ ಮಾತ್ರ ಇನ್ನೂ ಒಪ್ಪಿಲ್ಲ. ಅವಳ ಬಳ್ಳಾರಿ ಬಿಸಿಲಿಗೆ ಅವಮಾನ ಆಗಿದೆಯಂತೆ.

ಲೆಕ್ಕದ_ಮೇಷ್ಟ್ರು ಉತ್ತರ:

ಹಾಗಾದರೆ ಅವಳಿಂದಲೇ ಚೀಟಿ ಎತ್ತಿಸು. ಈ ಸಲ 1ರಿಂದ 6, 7ರಿಂದ 12 ಬೇಡ. ಜಾಗವನ್ನೂ ದಿನಾ ತಿರುಗಿಸು. ಎಣಿಸುವವರಿಗೆ ಯಾವುದು ಯಾವ ಗುಂಪು ಅಂತ ಗೊತ್ತಿರಬಾರದು. ಬಿಸಿ ಮುಟ್ಟದ ಗುಂಪನ್ನೂ ಅಷ್ಟೇ ಹೊತ್ತು ಹೊರಗೆ ತೆಗೆದು ಅಷ್ಟೇ ಅಲ್ಲಾಡಿಸಬೇಕು, ಮರೆಯಬೇಡ. ಬಿಸಿಯಲ್ಲಿ ಊಟ ಒಣಗುತ್ತದೆ. ಒಣಗಿದ ಊಟಕ್ಕೆ ನೊಣ ಕಮ್ಮಿ ತಿಂದರೆ ಅದೂ ಒಂದು ಹೊಸ ಕಥೆ. ಬಿಸಿ ಕೊಟ್ಟ ಕೂಡಲೇ ಎರಡೂ ಗುಂಪಿಗೆ ಹೊಸ ಊಟ ಹಾಕು.

ಒರೆಗಾನ್_ಕೆ ಉತ್ತರ:

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಸಹಿ. ಗಂಡು ಹೆಣ್ಣು ಬೇರೆ ಬೇರೆ ಬಾಟಲಿಗೆ ಹಾಕಿ ಮೇಡಂ. ಹೆಣ್ಣನ್ನು ಹೊರಬಂದ ಎಂಟು ಗಂಟೆಯೊಳಗೆ ಬೇರ್ಪಡಿಸಿದರೆ ಗಂಡು ಮುಟ್ಟಿರಲ್ಲ. ಬಿಸಿಗೆ ಬಿಒಡಿ ಬೇಡ, ವಾಟರ್ ಬಾತ್ ಒಳ್ಳೆಯದು, ಬಾಟಲಿ ಕತ್ತಿನವರೆಗೆ ಮುಳುಗಲಿ. 36 ಸಾಕು. 38, 39ಕ್ಕೆ ಹೋದರೆ ಅಂಗಾತ ಬೀಳುತ್ತವೆ, ಆಮೇಲೆ ನೀವು ಅಳೆಯುವುದು ಗಾಯದ ಲೆಕ್ಕ. ಇನ್ನೊಂದು, ಎಣಿಸುವಾಗ ಈಥರ್ ಕೊಡಬೇಡಿ. ಬಾಟಲಿಯಿಂದ ಬಾಟಲಿಗೆ ತಟ್ಟಿ ವರ್ಗ ಮಾಡಿ, ಉಳಿದ ಹೆಣ ಎಣಿಸಿ.

ಪ್ರಕಟವಾದ ಪ್ರಯೋಗಗಳಲ್ಲೂ ಲಾಭ ಸಣ್ಣದು. 50ಕ್ಕೆ 100 ದಿನ ಆಗುವ ಪವಾಡ ಇಲ್ಲ. ಬಾಟಲಿ ಸಂಖ್ಯೆ ಜಾಸ್ತಿ ಇರಲಿ.

ಕೋಟೆಗುಡ್ಡದ_ಟೀಚರ್ ಉತ್ತರ:

ಶುರು ಮಾಡಿದೆ. 24 ಬಾಟಲಿ. 12 ಗಂಡಿನವು, 12 ಮುಟ್ಟದ ಹೆಣ್ಣಿನವು. ಚೀಟಿಯನ್ನು ಹುಡುಗಿಯೇ ಎತ್ತಿದಳು. ಆರನೇ, ಏಳನೇ, ಎಂಟನೇ ದಿನ ಒಂದೊಂದು ಗಂಟೆ 36 ಡಿಗ್ರಿ ಕೊಟ್ಟೆವು. ಕರೆಂಟ್ ಇದ್ದ ಸಮಯ ನೋಡಿಕೊಂಡು. ಬಿಸಿ ಬೇಡದಿದ್ದಾಗ ಪುಕ್ಕಟೆ ಬಿಸಿ, ಬೇಕಾದಾಗ ಕರೆಂಟಿಗೆ ಕಾಯಬೇಕು, ನಮ್ಮ ಊರು ಹೀಗೇ. ಅಷ್ಟರಲ್ಲಿ ಮಳೆ ಶುರುವಾಗಿ ಲ್ಯಾಬ್ 30ಕ್ಕೆ ಇಳಿದಿದೆ. ಬಾಟಲಿಗಳು ದಿನಾ ಒಂದೊಂದು ಮನೆ ಮುಂದಕ್ಕೆ ಸರಿಯುತ್ತವೆ, ಮಕ್ಕಳು ಚೌಕಾಬಾರಾ ಆಡಿದ ಹಾಗೆ.

ಸಿರಿಂಜಿನ ಕೆಲಸ ಎರಡು ಸಲ ಕೆಟ್ಟಿತು. ಅಂಟು ಸರಿ ಕೂರದೆ ಗಾಳಿ ಸೋರಿತು. ಮೂರನೇ ಸಲ ಹನಿ ಸರಿಯಿತು. ಇಡೀ ತರಗತಿ ಉಸಿರು ಬಿಗಿಹಿಡಿದು ನೋಡಿತು, ಅಷ್ಟು ಪಾಠದಲ್ಲಿ ನನ್ನನ್ನು ಯಾವತ್ತೂ ನೋಡಿಲ್ಲ. ನೊಣ ಇಲ್ಲದ ಸಿರಿಂಜಿನಲ್ಲೂ ಸ್ವಲ್ಪ ಸರಿಯಿತು, ಅದನ್ನು ಕಳೆಯಬೇಕು. ಒಂದು ಸಲದ್ದನ್ನು ಇಲ್ಲಿ ಬರೆಯಲ್ಲ, ಮೇಷ್ಟ್ರು ಬೈಯುತ್ತಾರೆ.

ಕೊಪ್ಪಳದ ಅಣ್ಣಾವ್ರು ಪರಿಚಯದವರ ಕೈಲಿ ಒಂದು ಡಬ್ಬಿ ಕೇಸರ್ ಕಳಿಸಿದ್ದಾರೆ. ಒಂದರಲ್ಲೂ ಹುಳ ಇಲ್ಲ. ಸಿಪ್ಪೆ ಮಾತ್ರ ನನ್ನ ನುಸಿಗಳ ಪಾಲಾಯಿತು.

ಇವತ್ತಿಗೆ 19ನೇ ದಿನ. ಎಲ್ಲ ಸೇರಿ ಸತ್ತದ್ದು 11. ಯಾವ ಗುಂಪಿನಲ್ಲಿ ಎಷ್ಟು ಅಂತ ನನಗೆ ಗೊತ್ತಿಲ್ಲ. ಚೀಟಿಗಳು ಎಚ್‌ಒಡಿ ಸರ್ ಬೀರುವಿನಲ್ಲಿವೆ, ಬೀಗದ ಕೈ ಅವರ ಜೇಬಿನಲ್ಲಿದೆ.